40 ನಿಮಿಷದಲ್ಲಿ ಏನು ನೋಡುವುದು ಮಾರಾಯ್ರೇ?

ಕ್ರೂಸ್ ಮುಗಿಸಿ ಫ್ಲೋರಿಡಾದ ಮನೆಗೆ ಬಂದು ನಾಲ್ಕು ದಿನ ಆಯಿತು, ಸಿಟ್ಟು ಇನ್ನೂ ಇಳಿದಿಲ್ಲ. ಇಲ್ಲಿ ಬರೆದಾದರೂ ಹಗುರ ಆಗುತ್ತದಾ ನೋಡುತ್ತೇನೆ.

ನನ್ನ ಅಪ್ಪ ಮಂಗಳೂರಿನ ದಕ್ಕೆಯಲ್ಲಿ ಜೀವಮಾನವಿಡೀ ಮರದ ದೋಣಿ, ಮಂಜಿಗಳ ರಿಪೇರಿ ಮಾಡಿದವರು. ಈಗ 73 ವರ್ಷ. ಫ್ಲೋರಿಡಾದಲ್ಲಿ ನಮ್ಮ ಜೊತೆ ಇರಲು ಬಂದಾಗ ಕೆರಿಬಿಯನ್ ಕ್ರೂಸ್ ಹೋಗೋಣ ಅಂದರೆ ಬೇಡವೇ ಬೇಡ ಅಂದಿದ್ದರು. ಆಂಟಿಗುವಾದಲ್ಲಿ ಹಾಯಿಹಡಗುಗಳ ಕಾಲದ ಡಾಕ್‌ಯಾರ್ಡ್ ಒಂದನ್ನು ಹಾಗೇ ಉಳಿಸಿಕೊಂಡಿದ್ದಾರೆ, ಹಡಗು ರಿಪೇರಿ ಮಾಡುತ್ತಿದ್ದ ಜಾಗವನ್ನೇ ನೋಡಬಹುದು ಅಂತ ಫೋಟೊ ತೋರಿಸಿದ ಮೇಲೆ ಒಪ್ಪಿದ್ದು. ಆ ಒಂದು ಜಾಗಕ್ಕಾಗಿ ಹೊರಟವರು ಅವರು.

ಹಡಗು ನಿಂತದ್ದು ಸೇಂಟ್ ಜಾನ್ಸ್‌ನಲ್ಲಿ. ಡಾಕ್‌ಯಾರ್ಡ್ ಇರುವುದು ದ್ವೀಪದ ದಕ್ಷಿಣದ ತುದಿ, ಇಂಗ್ಲಿಷ್ ಹಾರ್ಬರ್‌ನಲ್ಲಿ. ಅರ್ಧ ದಿನದ ಟೂರ್‌ಗೆ ಮೂರು ಜನರ ದುಡ್ಡು ಕಟ್ಟಿದೆ. ದಾರಿಯಲ್ಲಿ ಬಸ್ಸನ್ನು ಒಂದು ಅಂಗಡಿ ಮುಂದೆ ನಿಲ್ಲಿಸಿದರು, ಪೂರಾ ಅರ್ಧ ಗಂಟೆ. ಮ್ಯಾಗ್ನೆಟ್, ಟೀ ಶರ್ಟ್, ರಮ್. ಡಾಕ್‌ಯಾರ್ಡಿನ ಗೇಟಲ್ಲಿ ಇಳಿಸಿದವನೇ ಗೈಡ್, "40 ನಿಮಿಷ, ಆಮೇಲೆ ಎಲ್ಲರೂ ಬಸ್ಸಲ್ಲಿ ಇರಬೇಕು" ಅಂದ. ಅಂಗಡಿಗೆ 30, ವಿಶ್ವ ಪರಂಪರೆಯ ತಾಣಕ್ಕೆ 40!

ಆ 40ರಲ್ಲೂ 15 ನಿಮಿಷ ನೆಲ್ಸನ್, ನೆಲ್ಸನ್, ನೆಲ್ಸನ್. ಬ್ರಿಟಿಷ್ ನೌಕಾಪಡೆಯ ಹೆಸರಾಂತ ಅಧಿಕಾರಿ, ಡಾಕ್‌ಯಾರ್ಡಿಗೆ ಈಗ ಅವನದೇ ಹೆಸರು. ಆ ಮನುಷ್ಯ ಬಂದದ್ದು 1784ರಲ್ಲಿ, ಹೋದದ್ದು 1787ರಲ್ಲಿ. ಮೂರು ವರ್ಷ ಇದ್ದ, ಇದ್ದಷ್ಟೂ ದಿನ ಆ ಜಾಗವನ್ನು ಶಪಿಸುತ್ತಲೇ ಇದ್ದ. ಅಲ್ಲಿ ಕೆಲಸ ಶುರುವಾಗಿದ್ದು 1720ರ ದಶಕದಲ್ಲಿ, ಅವನು ಹುಟ್ಟಿದ್ದು 1758ರಲ್ಲಿ. ಕಟ್ಟಿದವರು ಯಾರು? ಆಫ್ರಿಕಾದಿಂದ ಹಿಡಿದು ತಂದ ಗುಲಾಮರು. ಕಬ್ಬಿನ ತೋಟದ ಮಾಲೀಕರು ತಮ್ಮ ಆಳುಗಳನ್ನೇ ಇಲ್ಲಿಗೂ ಕಳಿಸುತ್ತಿದ್ದರು. 1834ರಲ್ಲಿ ಬಿಡುಗಡೆ ಆಗುವವರೆಗೆ ತಲೆಮಾರುಗಟ್ಟಲೆ ಕಲ್ಲು ಹೊತ್ತವರು, ಗೋಡೆ ಎಬ್ಬಿಸಿದವರು, ಬಡಗಿ ಕೆಲಸ ಮಾಡಿದವರು ಅವರು. ಯುನೆಸ್ಕೊ 2016ರಲ್ಲಿ ಪಟ್ಟಿಗೆ ಸೇರಿಸುವಾಗಲೇ ಇದನ್ನು ಸ್ಪಷ್ಟವಾಗಿ ಹೇಳಿದೆ. ನಮ್ಮ ಟೂರಿನಲ್ಲಿ ಅವರ ಬಗ್ಗೆ ಒಂದೇ ಒಂದು ವಾಕ್ಯ ಬರಲಿಲ್ಲ. ನನ್ನ ಮಗಳು, ಎಂಟನೇ ಕ್ಲಾಸಿನವಳು, ಕೈ ಎತ್ತಿ ಕೇಳಿದಳು. "ಅದು ದೊಡ್ಡ ಕಥೆ, ಈಗ ಟೈಮ್ ಇಲ್ಲ" ಅಂದುಬಿಟ್ಟ. ನೆಲ್ಸನ್ ನೆವಿಸ್ ದ್ವೀಪದ ವಿಧವೆಯನ್ನು ಮದುವೆಯಾದ ಕಥೆಗೆ ಟೈಮ್ ಇತ್ತು! ಗೈಡನ್ನು ಬೈದು ಪ್ರಯೋಜನವಿಲ್ಲ, ಅವನ ಕೈಗೆ ಗಡಿಯಾರ ಕೊಟ್ಟು ಓಡಿಸುವವರು ಬೇರೆ.

ಅಪ್ಪ ಅಷ್ಟರಲ್ಲಿ ಗುಂಪು ಬಿಟ್ಟು ಕಟ್ಟೆಯ ಅಂಚಿಗೆ ಹೋಗಿದ್ದರು. ಅಲ್ಲಿ ದೊಡ್ಡ ದೊಡ್ಡ ಕ್ಯಾಪ್‌ಸ್ಟನ್‌ಗಳಿವೆ, ಅಂದರೆ ಸುತ್ತಲೂ ಗಳ ಸಿಕ್ಕಿಸಿ ಹತ್ತಾರು ಜನ ತಳ್ಳಿ ತಿರುಗಿಸುವ ರಾಟೆ. ಹಗ್ಗವನ್ನು ಹಡಗಿನ ಕೂವೆಮರಕ್ಕೆ ಕಟ್ಟಿ, ಈ ರಾಟೆ ತಿರುಗಿಸಿ, ಇಡೀ ಯುದ್ಧನೌಕೆಯನ್ನು ನೀರಲ್ಲೇ ಪಕ್ಕಕ್ಕೆ ಮಲಗಿಸುತ್ತಿದ್ದರು. ಆ ಸಮುದ್ರದಲ್ಲಿ ಉಬ್ಬರ ಇಳಿತ ತೀರಾ ಕಮ್ಮಿ. ನಮ್ಮಲ್ಲಿ ಮಾಡುವ ಹಾಗೆ ಭರತದಲ್ಲಿ ದೋಣಿಯನ್ನು ದಡಕ್ಕೆ ತಂದು, ನೀರು ಇಳಿದ ಮೇಲೆ ಅಡಿ ಕೆರೆಯಲು ಆಗುವುದಿಲ್ಲ. ಬಿಸಿ ಸಮುದ್ರದಲ್ಲಿ ಮರ ಕೊರೆಯುವ ಹುಳ ಬೇರೆ. ಅದಕ್ಕೇ ಮಲಗಿಸುವುದು, ಕೆರೆಯುವುದು, ಸಂದಿಗೆ ನಾರು ತುಂಬಿ ಡಾಂಬರು ಬಳಿಯುವುದು, ತಾಮ್ರದ ತಗಡು ಹೊಡೆಯುವುದು. ಅಪ್ಪ ರಾಟೆಯ ಮೇಲೆ ಕೈಯಿಟ್ಟು, "ಮಗಾ, ಒಂದು ಬದಿ ಆದ ಮೇಲೆ ಹಡಗು ತಿರುಗಿಸಿ ಇನ್ನೊಂದು ಬದಿಯೂ ಮಾಡಬೇಕಲ್ಲ? ಎಷ್ಟು ಜನ ಬೇಕು ಇದಕ್ಕೆ!" ಅಂದರು. ಇಡೀ ಬಸ್ಸಿನಲ್ಲಿ ಕೇಳಬೇಕಾದ ಪ್ರಶ್ನೆ ಕೇಳಿದವರು ಅವರೊಬ್ಬರೇ. ಆಗಲೇ ಹಿಂದಿನಿಂದ ಸೀಟಿ.

ಡಾಂಬರು ಇಡುತ್ತಿದ್ದ ಉಗ್ರಾಣ ಈಗ ಹೋಟೆಲು, ಅದರ ಹೊರಗೋಡೆ ಮಾತ್ರ ಕಂಡೆವು. ಹಾಯಿ ಹೊಲಿಯುತ್ತಿದ್ದ ಕಟ್ಟಡದ ದಪ್ಪ ಕಲ್ಲುಕಂಬಗಳು ಸೂರಿಲ್ಲದೆ ನಿಂತಿವೆ, ಅವನ್ನು ನಡೆಯುತ್ತಲೇ ನೋಡಿದ್ದಾಯಿತು. ಮ್ಯೂಸಿಯಂ ಬಾಗಿಲಿಗೆ ಅಪ್ಪ ಒಂದು ಕಾಲು ಇಟ್ಟಿದ್ದರು, ಅಲ್ಲಿಂದ ಎಬ್ಬಿಸಿಕೊಂಡು ಬಂದರು. 73 ವರ್ಷದ ಮನುಷ್ಯನನ್ನು ತೋಳು ಹಿಡಿದು!

ಬ್ರಿಟಿಷ್ ನೌಕಾಪಡೆ 1889ರಲ್ಲಿ ಬಿಟ್ಟುಹೋದ ಮೇಲೆ ಪಾಳು ಬಿದ್ದಿದ್ದ ಜಾಗ ಅದು. 1951ರಿಂದ ಕಲ್ಲು ಕಲ್ಲು ಸೇರಿಸಿ ರಿಪೇರಿ ಮಾಡಿ, 1961ರಲ್ಲಿ ಜನರಿಗೆ ತೆರೆದರು. ಹತ್ತು ವರ್ಷ ಕೂತು ಸರಿಮಾಡಿದ್ದನ್ನು ನಾವು ದುಡ್ಡು ಕೊಟ್ಟು, ಕುರಿ ಹಿಂಡಿನಂತೆ ಓಡಿ ದಾಟಿದೆವು.

ಬಸ್ಸಿಗೆ ಓಡೋಡಿ ಬಂದರೆ ಇನ್ನೂ ಆರು ಜನ ಬಂದಿರಲಿಲ್ಲ. ಬಾರಿನಲ್ಲಿದ್ದರು. ಅವರಿಗಾಗಿ 20 ನಿಮಿಷ ಕಾದೆವು. ಆ 20 ನಿಮಿಷ ನಮ್ಮಪ್ಪನಿಗೆ ಕೊಡಬಹುದಿತ್ತಲ್ಲ! ಕೇಳಿದರೆ, ಇಳಿಯುವ ಹಾಗಿಲ್ಲ, ಬಾಗಿಲು ತೆರೆಯುವುದಿಲ್ಲ ಅಂದರು.

ಕಂಪನಿಗೆ ಉದ್ದ ದೂರು ಬರೆದೆ. ಮುಂದಿನ ಪ್ರವಾಸಕ್ಕೆ ರಿಯಾಯಿತಿ ಕೊಡುತ್ತಾರಂತೆ. ಅಪ್ಪನ ಟಿಕೆಟ್ ಬರುವ ಮಂಗಳವಾರಕ್ಕಿದೆ, ಊರಿಗೆ ಹೊರಟರೆ ಇನ್ನು ಇಷ್ಟು ದೂರ ಬರಲಾರರು. ನಿನ್ನೆ ರಾತ್ರಿ ಊಟದ ಮೇಜಿನ ಮೇಲೆ ಪೆನ್ಸಿಲಿನಲ್ಲಿ ಆ ರಾಟೆಯ ಚಿತ್ರ ಬರೆಯುತ್ತಾ ಕೂತಿದ್ದರು. ಗಳ ಸಿಕ್ಕಿಸುವ ತೂತು ಎಷ್ಟಿದ್ದವು ಅಂತ ನನ್ನನ್ನು ಕೇಳಿದರು. ನಾನೂ ಎಣಿಸಿರಲಿಲ್ಲ.