ಶೇ. 83 ಅನ್ನೋ ಅಂಕಿಯ ಹಿಂದೆ ಯಾರಿದ್ದಾರೆ?

ನೆರೆ, ಹೊಗೆ, ಸೋಂಕು ಇಂಥವನ್ನು ಮೊದಲೇ ಪತ್ತೆ ಮಾಡೋ ಸೆನ್ಸರ್‌ಗಳನ್ನು ಎಲ್ಲೆಲ್ಲಿ ಇಡಬೇಕು ಅನ್ನೋ ಮಾತಿದು. ಸಾವಿರ ಜನರಿರೋ ಪ್ರದೇಶ ಅಂದುಕೊಳ್ಳಿ: 900 ಜನ ಒತ್ತಾಗಿ, 100 ಜನ ಚದುರಿ. ಇರೋದು ಐದೇ ಸೆನ್ಸರ್. ಒಟ್ಟು ವ್ಯಾಪ್ತಿ ಹೆಚ್ಚಾಗಲಿ ಅಂತ ಲೆಕ್ಕ ಹಾಕಿಸಿದರೆ ಒತ್ತಾಗಿರುವವರಲ್ಲಿ 810, ಚದುರಿದವರಲ್ಲಿ 20 ಜನ ಒಳಗೆ ಬರಬಹುದು. ಶೇ. 83! ವರದಿಯಲ್ಲಿ ಚೆಂದ ಕಾಣುತ್ತೆ. ಒಂದು ಸೆನ್ಸರಿನ ಜಾಗ ಬದಲಿಸಿ 756 ಮತ್ತು 60 ಆಯಿತು ಅನ್ನಿ, ಒಟ್ಟು ಶೇ. 81.6. ಇಳಿದದ್ದು 14 ಜನ. ಚದುರಿದವರ ಪಾಲು ಮಾತ್ರ ಮೂರು ಪಟ್ಟು. ನನ್ನ ಪ್ರಕಾರ ಇದರಲ್ಲಿ ಯೋಚಿಸೋಕೇ ಏನಿಲ್ಲ.

ಹಾಗಂತ ಗುರಿ ಬದಲಿಸಿ ಹಳೇ ವಿಧಾನವನ್ನೇ ಓಡಿಸಿದರೆ ಎಡವಟ್ಟು. ಪ್ರತಿ ಹೆಜ್ಜೆಗೂ ಅತಿ ಹೆಚ್ಚು ಲಾಭದ ಜಾಗ ಆರಿಸೋ 'ಗ್ರೀಡಿ' ವಿಧಾನ, ಒಟ್ಟು ವ್ಯಾಪ್ತಿಯ ಲೆಕ್ಕದಲ್ಲಿ ಅತ್ಯುತ್ತಮ ಉತ್ತರದ ಸುಮಾರು ಶೇ. 63ಕ್ಕಿಂತ ಕೆಳಗಿಳಿಯೋದಿಲ್ಲ; ಇದನ್ನು 1978ರಲ್ಲೇ ನೆಮ್‌ಹೌಸರ್, ವುಲ್ಸಿ, ಫಿಶರ್ ಅನ್ನೋ ಸಂಶೋಧಕರು ಸಾಧಿಸಿದ್ದರು. 'ಅತಿ ಕಡಿಮೆ ಸಿಕ್ಕ ಗುಂಪಿನ ಪಾಲು ಹೆಚ್ಚಿಸು' ಅಂದರೆ ಆ ಭರವಸೆ ಇಲ್ಲ. ಎರಡು ಗುಂಪು, ಎರಡು ಸೆನ್ಸರ್ ಇದ್ದು, ಒಂದು ಸೆನ್ಸರ್ ಒಂದೇ ಗುಂಪನ್ನು ಮುಟ್ಟೋದಾದರೆ, ಮೊದಲನೆಯದನ್ನು ಎಲ್ಲಿಟ್ಟರೂ ಇನ್ನೊಂದು ಗುಂಪಿಗೆ ಸೊನ್ನೆ. ಎಲ್ಲ ಜಾಗವೂ ಒಂದೇ ಅನ್ನಿಸುತ್ತೆ. ಅದಕ್ಕೆ ಪ್ರತಿ ಗುಂಪಿನ ವ್ಯಾಪ್ತಿಯನ್ನು, ಉದಾಹರಣೆಗೆ, ಶೇ. 60ಕ್ಕೆ ಕತ್ತರಿಸಿ ಕೂಡಿಸಿ, ಮೇಲಿನದಕ್ಕೆ ಅಂಕವಿಲ್ಲ. ಆಗ ಗ್ರೀಡಿ ಮತ್ತೆ ಕೆಲಸಕ್ಕೆ ಬರುತ್ತೆ. ಎಲ್ಲರೂ ಮಿತಿ ಮುಟ್ಟಿದರೆ ಏರಿಸಿ, ಇಲ್ಲದಿದ್ದರೆ ಇಳಿಸಿ.

ಇನ್ನು ಕೆಟ್ಟುಹೋಗೋ ವಿಚಾರ. ಪ್ರತಿ ಸೆನ್ಸರ್ ಶೇ. 80ರಷ್ಟು ಹೊತ್ತು ಕೆಲಸ ಮಾಡುತ್ತೆ ಅಂದರೆ, ಎರಡು ನೋಡೋ ಜಾಗಕ್ಕೆ ಶೇ. 96 ಭದ್ರತೆ ಅಂತ ಗುಣಿಸಿ ಬರೆಯುತ್ತಾರೆ. ಎರಡಕ್ಕೂ ಒಂದೇ ವಿದ್ಯುತ್ ಲೈನ್, ಒಂದೇ ಟವರ್ ಇದ್ದು ಅದೇ ಕೈಕೊಟ್ಟರೆ ಎರಡೂ ಒಟ್ಟಿಗೇ ಮಲಗುತ್ತವೆ. ಆಗ ಉಳಿಯೋದು ಶೇ. 80ರ ಆಸುಪಾಸು. ಆದ್ದರಿಂದ ಸರಾಸರಿ ನಂಬದೆ ಕಿತ್ತು ನೋಡಿ: 20 ಸೆನ್ಸರ್ ಇವೆ ಅನ್ನಿ, 190 ಜೋಡಿ. ಒಂದೊಂದು ಜೋಡಿ ತೆಗೆದಾಗಲೂ ಪ್ರತಿ ಗುಂಪಿಗೆ ಎಷ್ಟು ಉಳಿಯಿತು ಅಂತ ಪಟ್ಟಿ ಮಾಡಿ. ಹೆಚ್ಚಾಗಿ ಕುಸಿಯೋದು ಒಂದೇ ಸೆನ್ಸರ್ ನೆಚ್ಚಿಕೊಂಡ ಚದುರಿದ ಗುಂಪು.

ಹಳೇ ದಾಖಲೆ ನೋಡಿ ಜಾಗ ಆರಿಸೋದೂ ಅಪಾಯವೇ. ಸೆನ್ಸರ್ ಇಲ್ಲದ ಕಡೆ ದಾಖಲೆ ಸೊನ್ನೆ, ದಾಖಲೆ ಸೊನ್ನೆ ಅಂತ ಸೆನ್ಸರ್ ಇಲ್ಲ. 20ರಲ್ಲಿ ಎರಡು ಮೂರನ್ನಾದರೂ ಆಗಾಗ ಜಾಗ ಬದಲಿಸೋಕೆ ಮೀಸಲಿಡಿ.

ಕ್ಯಾಮೆರಾಗಳಿಗೆ ಇದನ್ನು ಹಾಗೇ ಅನ್ವಯಿಸಬೇಡಿ. ಅಲ್ಲಿ ಹೆಚ್ಚು ವ್ಯಾಪ್ತಿ ಅಂದರೆ ಹೆಚ್ಚು ಕಣ್ಗಾವಲಿನ ಹೊರೆಯೂ ಹೌದು. ಕನಿಷ್ಠದ ಜೊತೆ ಪ್ರತಿ ಗುಂಪಿಗೆ ಗರಿಷ್ಠವನ್ನೂ ಗೊತ್ತು ಮಾಡಬೇಕು, ಆ ಗುಂಪಿನವರನ್ನೇ ಕೇಳಿ.