ಮೊಸಳೆಯ ಅಹವಾಲು

2023ರ ಅಕ್ಟೋಬರ್‌ನಲ್ಲಿ ವಿಜಯಪುರ ಜಿಲ್ಲೆ ಕೊಲ್ಹಾರ ತಾಲ್ಲೂಕಿನ ರೋಣಿಹಾಳದ ರೈತರು ಒಂದು ಮೊಸಳೆಯನ್ನು ಹಗ್ಗದಲ್ಲಿ ಬಿಗಿದು, ಟ್ರ್ಯಾಕ್ಟರ್‌ಗೆ ಹಾಕಿಕೊಂಡು ವಿದ್ಯುತ್ ಉಪಕೇಂದ್ರಕ್ಕೆ ಹೋದರು. ಹಗಲು ಹೊತ್ತು ಕರೆಂಟ್ ಕೊಡಿ ಎಂಬುದು ಬೇಡಿಕೆ. ನಡುರಾತ್ರಿ ನೀರು ಹಾಯಿಸಲು ಹೋದವನನ್ನು ಹಾವೋ ಚೇಳೋ ಇಂಥದ್ದೋ ಹಿಡಿದರೆ ಹೊಣೆ ಯಾರು ಎಂಬುದು ಪ್ರಶ್ನೆ.

ಅಲ್ಲಿದ್ದವರ ಸಂಕಟ ಊಹಿಸಿ. ಅರ್ಜಿಯಾದರೆ ಸ್ವೀಕೃತಿ ಮುದ್ರೆ ಒತ್ತಿ ಕಡತಕ್ಕೆ ಸೇರಿಸಬಹುದು. ಮೊಸಳೆಗೆ ಎಲ್ಲಿ ಒತ್ತುವುದು? ಬಾಲ ಅಲ್ಲಾಡಿಸುವ ಲಗತ್ತಿಗೆ ನಮ್ಮ ಕಡತ ಪದ್ಧತಿಯಲ್ಲಿ ಕಾಲಂ ಇಲ್ಲ.

ವಿದ್ಯುತ್ ಯೋಜನೆ ಮಾಡುವವರಿಗೆ ಮೂರು ಚಿಂತೆ: ಕರೆಂಟ್ ಕೈಕೊಡಬಾರದು, ಬಿಲ್ಲು ಸುಡಬಾರದು, ಪರಿಸರ ಕೆಡಬಾರದು. ಹಳ್ಳಿಯ ಒಲೆಗೂ ಮೂರೇ ಕಲ್ಲು. ಒಂದು ಗಿಡ್ಡವಾದರೆ ಅದರ ಕೆಳಗೆ ಏನಾದರೂ ತುರುಕಿ ಸಮ ಮಾಡುತ್ತೇವೆ. ಯೋಜನೆಯ ಒಲೆಯಲ್ಲಿ ಹಾಗೆ ತುರುಕುವುದು ಸಭೆಗೆ ಬಾರದವರನ್ನು.

ಆ ವರ್ಷ ಮಳೆ ಕೈಕೊಟ್ಟಿತ್ತು. ಜಲಾಶಯ ತುಂಬಲಿಲ್ಲ, ಬೋರ್‌ವೆಲ್‌ಗಳಿಗೆ ಬಿಡುವಿರಲಿಲ್ಲ. ಪಂಪ್‌ಸೆಟ್‌ಗೆ ಕೊಡಬೇಕಿದ್ದ ಏಳು ತಾಸಿನ ತ್ರೀ ಫೇಸ್ ಕರೆಂಟ್ ಐದಕ್ಕೆ ಇಳಿಯಿತು. ಅತ್ತ ಪಾವಗಡದಲ್ಲಿ ರೈತರಿಂದಲೇ ಗುತ್ತಿಗೆಗೆ ಪಡೆದ ಸುಮಾರು 13,000 ಎಕರೆಯಲ್ಲಿ 2,050 ಮೆಗಾವ್ಯಾಟ್‌ನ ಸೋಲಾರ್ ಪಾರ್ಕ್ ಹಗಲಿಡೀ ಮೈಕಾಯಿಸುತ್ತಿತ್ತು. ಸೂರ್ಯ ಡ್ಯೂಟಿಯಲ್ಲಿರುವಾಗ ರೋಣಿಹಾಳದ ರೈತ ಮಲಗಬೇಕು, ಸೂರ್ಯ ಮಲಗಿದ ಮೇಲೆ ರೈತ ಟಾರ್ಚ್ ಹಿಡಿದು ಏಳಬೇಕು. ಎಲ್ಲ ಮೋಟಾರುಗಳೂ ಒಟ್ಟಿಗೇ ಎದ್ದರೆ ತಂತಿ, ಟಿಸಿ (ಟ್ರಾನ್ಸ್‌ಫಾರ್ಮರ್) ತಾಳುವುದಿಲ್ಲ, ಸರದಿ ಬೇಕು, ಒಪ್ಪೋಣ. ಆದರೆ ಸರದಿಯಲ್ಲಿ ರಾತ್ರಿ ಎರಡು ಗಂಟೆ ಹೊಲಕ್ಕೇ ಬರುತ್ತದೆಯೇ ಹೊರತು ವಿಧಾನಸೌಧದ ಎ.ಸಿ.ಗೆ ಬಂದದ್ದನ್ನು ಯಾರಾದರೂ ಕಂಡಿದ್ದೀರಾ?

ಕೊರತೆ ತುಂಬಲು ಉತ್ತರ ಪ್ರದೇಶ, ಪಂಜಾಬ್‌ಗಳಿಂದ ಕರೆಂಟ್ ಕೈಗಡ ತಂದರು. ಮಳೆಗಾಲದಲ್ಲಿ ಹಿಂದಿರುಗಿಸುವ ಷರತ್ತು. ಪಕ್ಕದ ಮನೆಗೆ ಲೋಟ ಕಳಿಸಿ ಕಾಫಿ ಪುಡಿ ತರಿಸಿದಂತೆ. ನೆಂಟರು ಹೋದ ಮೇಲೆ ಕೊಡ್ತೀವಿ ಅಕ್ಕಾ!

ಅದೇ ವರ್ಷದ ಆಗಸ್ಟ್‌ನಲ್ಲಿ ಗೃಹಜ್ಯೋತಿ ಬಂದಿತ್ತು. 200 ಯೂನಿಟ್‌ವರೆಗೆ ಉಚಿತ. ಬಡವರ ಮನೆ ಬೆಳಗಲಿ, ತಕರಾರಿಲ್ಲ. ಆದರೆ ಲೆಕ್ಕ ನೋಡಿ: ಹಿಂದಿನ ವರ್ಷದ ಸರಾಸರಿ ಬಳಕೆ, ಅದರ ಮೇಲೆ ಶೇ 10, ಅಷ್ಟೇ ಉಚಿತ. ದೀಪ ಆರಿಸಿ ಆರಿಸಿ 60 ಯೂನಿಟ್‌ನಲ್ಲಿ ಬದುಕಿದವರಿಗೆ 66, ಗೀಸರ್ ಮರೆತು ಪೇಟೆಗೆ ಹೋಗುತ್ತಿದ್ದ 180ರ ಮನೆಗೆ 198. ಉಳಿಸಿದವನಿಗೆ ಬಟ್ಟಲು, ಉರಿಸಿದವನಿಗೆ ಕೊಡ. 2025ರ ಏಪ್ರಿಲ್‌ನಿಂದ ವಿದ್ಯುತ್ ನೌಕರರ ಪಿಂಚಣಿ, ಗ್ರಾಚ್ಯುಯಿಟಿಗೆಂದು ಯೂನಿಟ್‌ಗೆ ಮೊದಲ ವರ್ಷ 36 ಪೈಸೆ ಬೇರೆ. ಬಿಲ್ಲು ಕಟ್ಟುವವರು ಮಿಕ್ಸಿಯಲ್ಲಿ ಚಟ್ನಿ ರುಬ್ಬಿದಾಗಲೆಲ್ಲ ಯಾರೋ ಹಿರಿಯರ ಸೇವೆ ಆಗುತ್ತಿರುತ್ತದೆ.

ಇನ್ನು ಶರಾವತಿ. ಈ ನದಿಯ ತಾಳ್ಮೆ ಯಾವ ನೌಕರನಿಗೂ ಬರಲಿಕ್ಕಿಲ್ಲ. ಲಿಂಗನಮಕ್ಕಿ ಅಣೆಕಟ್ಟಿನಲ್ಲಿ ನಿಂತು, ತಳಕಳಲೆ ಜಲಾಶಯಕ್ಕೆ ಬಂದು, 1,035 ಮೆಗಾವ್ಯಾಟ್‌ನ ವಿದ್ಯುದಾಗಾರದಲ್ಲಿ ಧುಮುಕಿ, ಗೇರುಸೊಪ್ಪೆಯಲ್ಲಿ ಮತ್ತೊಮ್ಮೆ ದುಡಿದು ಸಮುದ್ರ ಸೇರುತ್ತದೆ. ಈಗ 2,000 ಮೆಗಾವ್ಯಾಟ್‌ನ ಪಂಪ್ಡ್ ಸ್ಟೋರೇಜ್ ಯೋಜನೆ: ಗೇರುಸೊಪ್ಪೆಗೆ ಇಳಿದ ನೀರನ್ನು ಮತ್ತೆ ತಳಕಳಲೆಗೆ ಎತ್ತುವುದು, ಮತ್ತೆ ಬೀಳಿಸುವುದು. ನಿವೃತ್ತನಾದವನನ್ನು ಗುತ್ತಿಗೆ ಮೇಲೆ ಪುನಃ ಕರೆಸಿಕೊಂಡ ಹಾಗೆ. ಎತ್ತಲು ನಾಲ್ಕು ಯೂನಿಟ್ ಸುರಿದರೆ ಬೀಳುವಾಗ ಸಿಗುವುದು ಹೆಚ್ಚುಕಡಿಮೆ ಮೂರು. ಎಂಜಿನಿಯರುಗಳೇನೂ ದಡ್ಡರಲ್ಲ. ಮಧ್ಯಾಹ್ನದ ಸೋಲಾರ್ ಕರೆಂಟನ್ನು ಕೇಳುವವರಿಲ್ಲ, ಸಂಜೆ ಏಳಕ್ಕೆ ಮಾರುಕಟ್ಟೆಯಲ್ಲಿ ಅದೇ ಕರೆಂಟ್ ಎಷ್ಟೋ ದಿನ ಯೂನಿಟ್‌ಗೆ 10 ರೂಪಾಯಿಯ ಗರಿಷ್ಠ ಮಿತಿಗೆ ತಲೆ ತಾಗಿಸುತ್ತದೆ. ಹಗಲಿನದನ್ನು ರಾತ್ರಿಗೆ ಕಟ್ಟಿಡುವ ಬುತ್ತಿ ಬೇಕೇ ಬೇಕು.

ಬುತ್ತಿ ಕಟ್ಟಲು ಆರಿಸಿಕೊಂಡ ಜಾಗ ಮಾತ್ರ ಶರಾವತಿ ಕಣಿವೆಯ ಸಿಂಗಳೀಕ ಅಭಯಾರಣ್ಯ. ಕಲ್ಲಿದ್ದಲಿನ ಹೊಗೆಯಿಂದ ಪರಿಸರ ಉಳಿಸಬೇಕಲ್ಲ, ಅದಕ್ಕೇ ಕಾಡು ಕಡಿಯುವುದು. ಸಿಂಗಳೀಕ ನೆಲಕ್ಕಿಳಿಯುವುದು ಅಪರೂಪ, ಅದರ ಗ್ರಿಡ್ಡೆಲ್ಲ ಕೊಂಬೆಗಳದ್ದು. ಅಲ್ಲೊಮ್ಮೆ ಲೈನ್ ಕಡಿದರೆ ಲೈನ್‌ಮನ್ ಏಣಿ ಹಾಕಿ ಜೋಡಿಸಲಾರ. ಆಕ್ಷೇಪಣೆ ಸಲ್ಲಿಸಲು ಅದಕ್ಕೆ ಆಧಾರ್ ಇಲ್ಲ. ಆಧಾರ್ ಇದ್ದವರ ಕಥೆಯಾದರೂ ಏನು? 1964ರ ಲಿಂಗನಮಕ್ಕಿ ಅಣೆಕಟ್ಟಿಗಾಗಿ ಊರು ಬಿಟ್ಟವರ ಮೊಮ್ಮಕ್ಕಳಲ್ಲಿ ಎಷ್ಟೋ ಜನ ಇನ್ನೂ ಹಕ್ಕುಪತ್ರಕ್ಕೆ ಅಲೆಯುತ್ತಿದ್ದಾರೆ. ಭಾಷಣಗಳಲ್ಲಿ ಅವರು ನಾಡಿಗೆ ಬೆಳಕು ಕೊಟ್ಟವರು. ಕಂದಾಯ ದಾಖಲೆಯಲ್ಲಿ ಒತ್ತುವರಿದಾರರು.

ಹೀಗಿರುವಾಗ ಆ ಯೋಜನೆಯ ಒಲೆಯ ಕೆಳಗೆ ತುರುಕಿಸಿಕೊಂಡವರ ಪೈಕಿ ಕಚೇರಿಗೆ ಖುದ್ದು ಹಾಜರಾಗಿ, ಬಾಯಿ ಬಿಡದೆ ಮಾತು ಕೇಳಿಸಿದ್ದು ಆ ಮೊಸಳೆ ಒಂದೇ. ಅರಣ್ಯ ಇಲಾಖೆಯವರು ಬಂದು ಅದನ್ನು ಆಲಮಟ್ಟಿ ಜಲಾಶಯಕ್ಕೆ ಬಿಟ್ಟರು. ಅಲ್ಲಿ 290 ಮೆಗಾವ್ಯಾಟ್‌ನ ಜಲವಿದ್ಯುತ್ ಘಟಕ ಇದೆ. ಅಂದರೆ ವಿತರಣೆಯಲ್ಲಿ ತಕರಾರು ಎತ್ತಿದ್ದಕ್ಕೆ ಉತ್ಪಾದನಾ ವಿಭಾಗಕ್ಕೆ ವರ್ಗ. ರಾತ್ರಿ ಪಾಳಿಯೇ ಇರಬೇಕು.