ಪತಂಗಕ್ಕಿಂತ ಮುಂಚೆ ಮೂವತ್ತು ಮೊಟ್ಟೆ

ಇಂಗ್ಲೆಂಡಿನ ಹಳ್ಳಿಗಾಡಿನಲ್ಲಿ ಪತಂಗ ನೋಡುವುದಕ್ಕೆ ಏನೇನು ಬೇಕು ಅಂತ ಕೇಳಿದರೆ ಬಲ್ಲವರು ದೀಪ, ಪೆಟ್ಟಿಗೆ, ತಾಳ್ಮೆ ಅಂತ ಗಂಭೀರವಾಗಿ ಹೇಳುತ್ತಾರೆ. ಮೊಟ್ಟೆಯ ಸುದ್ದಿ ಆಮೇಲೆ ಗೊತ್ತಾಗುತ್ತದೆ.

ಇಲ್ಲಿ ಹೆಚ್ಚು ಜನ ಇಟ್ಟುಕೊಳ್ಳುವ ಸ್ಕಿನ್ನರ್ ಟ್ರ್ಯಾಪ್ ಅಂದರೆ ಒಂದು ಪ್ಲೈವುಡ್ ಪೆಟ್ಟಿಗೆ. ಮೇಲೆ ಎರಡು ಪಾರದರ್ಶಕ ಹಾಳೆಗಳು ಒಳಮುಖವಾಗಿ ಇಳಿಜಾರಾಗಿರುತ್ತವೆ, ನಡುವೆ ಒಂದು ಸಣ್ಣ ಸೀಳು, ಅದರ ಮೇಲೆ ದೀಪ. ದೀಪದ ಸುತ್ತ ಗಿರಕಿ ಹೊಡೆದ ಪತಂಗ ಹಾಳೆಗೆ ತಗುಲಿ ಜಾರಿ ಒಳಗೆ ಬೀಳುತ್ತದೆ. ಬಿದ್ದದ್ದಕ್ಕೆ ಅಡಗಿ ಕೂರಲು ಕತ್ತಲೆಯ ಗೂಡು ಬೇಕು. ಇಲ್ಲದಿದ್ದರೆ ರಾತ್ರಿಯಿಡೀ ಬಡಿದಾಡಿ ರೆಕ್ಕೆಯ ಪುಡಿಯೆಲ್ಲ ಉದುರಿಸಿಕೊಳ್ಳುತ್ತದೆ, ಅಥವಾ ಬಂದ ದಾರಿಯಲ್ಲೇ ಹೊರಟುಹೋಗುತ್ತದೆ. ಅದಕ್ಕೇ ಮೊಟ್ಟೆಯ ಟ್ರೇ. ರಟ್ಟಿನದೇ ಆಗಬೇಕು, ಪ್ಲಾಸ್ಟಿಕ್ಕಿನದರಲ್ಲಿ ಪತಂಗದ ಕಾಲು ನಿಲ್ಲುವುದಿಲ್ಲ. ಸೂಪರ್‌ಮಾರ್ಕೆಟ್ಟಿನಲ್ಲಿ ಸಿಗುವುದು ಅರ್ಧ ಡಜನ್, ಒಂದು ಡಜನ್ನಿನ ಪುಟ್ಟ ಡಬ್ಬಿಗಳು. ಮೂವತ್ತರ ಟ್ರೇ ಬೇಕಾದರೆ ಬೆಳಗಿನ ತಿಂಡಿ ಮಾಡುವ ಕೆಫೆಯವರನ್ನು ಕಾಡಬೇಕು. ಸಂಕೋಚದವರ ಮನೆಯಲ್ಲಿ ಜೂನ್ ಪೂರ್ತಿ ಆಮ್ಲೆಟ್ಟು.

ಇನ್ನು ದೀಪ. ಹಳಬರ ಮೆಚ್ಚಿನದು 125 ವ್ಯಾಟಿನ ಪಾದರಸದ ಆವಿಯ ಬಲ್ಬು. ಹಳೇ ಟ್ಯೂಬ್‌ಲೈಟಿನ ಹಾಗೆ ಇದಕ್ಕೂ ಚೋಕ್ ಬೇಕು. ಹುಳು ಬರುವುದು ಭರ್ಜರಿ, ಆದರೆ ಬಲ್ಬು ಕೆಂಡದಂತೆ ಕಾಯುತ್ತದೆ. ಕಾದ ಗಾಜಿನ ಮೇಲೆ ಒಂದು ಹನಿ ಬಿದ್ದರೂ ಟಪ್ ಅಂತ ಸಿಡಿಯುತ್ತದೆ. ಈ ದೇಶದಲ್ಲಿ ಹನಿ ಬೀಳದ ರಾತ್ರಿಯನ್ನು ನಂಬಿ ಬಲ್ಬು ಹಚ್ಚುವವರ ಧೈರ್ಯಕ್ಕೆ ಕೈಮುಗಿಯಬೇಕು. ಓವನ್ನಿಗೆ ಇಡುವ ಗಾಜಿನ ಬೋಗುಣಿಯನ್ನು ಬಲ್ಬಿನ ಮೇಲೆ, ಬಿಸಿಗಾಳಿ ಹೊರಹೋಗಲು ಜಾಗ ಬಿಟ್ಟು, ಕವುಚಿದರೆ ಬಲ್ಬು ಬದುಕುತ್ತದೆ. ಆ ಬೋಗುಣಿ ಅಡುಗೆಮನೆಯಿಂದ ಎಲ್ಲಿ ಹೋಯಿತು ಅನ್ನುವುದು ಭಾನುವಾರದ ಅಡುಗೆಯ ಹೊತ್ತಿಗೆ ಗೊತ್ತಾಗುತ್ತದೆ. ಯಾರಾದರೂ ಮಧ್ಯರಾತ್ರಿ ಪ್ಲಗ್ ತೆಗೆದು ಮತ್ತೆ ಹಾಕಿದರೆ ತಕ್ಷಣ ಹತ್ತುವುದೂ ಇಲ್ಲ. ಬಲ್ಬು ತಣ್ಣಗಾಗುವವರೆಗೆ ಕೆಲವು ನಿಮಿಷ ಕಾಯಬೇಕು. ದೀಪವನ್ನು ನೆಟ್ಟ ನೋಟದಲ್ಲಿ ನೋಡಬಾರದು, ಅದು ನೇರಳಾತೀತ ಕಿರಣ ಕಾರುತ್ತದೆ. ಪಕ್ಕದ ಮನೆಯ ಮಲಗುವ ಕೋಣೆಯೂ ಹಗಲಿನಂತೆ ಬೆಳಗುತ್ತದೆ, ಆದ್ದರಿಂದ ಮೊದಲೇ ಹೋಗಿ ಹೇಳಿಬರುವುದು ಕ್ಷೇಮ. ನೇರಳಾತೀತ ಬೆರೆತ ಮಂದ ನೀಲಿ ಬೆಳಕಿನ, 15 ಅಥವಾ 20 ವ್ಯಾಟಿನ ಆಕ್ಟಿನಿಕ್ ಟ್ಯೂಬಿನಲ್ಲಿ ಹುಳು ಕಡಿಮೆ, ಜಗಳವೂ ಕಡಿಮೆ. ನನ್ನ ಮತ ಅದಕ್ಕೇ.

ಮೋಡ ಮುಚ್ಚಿದ, ಗಾಳಿಯಿಲ್ಲದ, ಸೆಕೆಯ ರಾತ್ರಿ ಬೇಕು. ಹುಣ್ಣಿಮೆಯ ಶುಭ್ರ ಆಕಾಶ ಕವಿಗಳಿಗೆ ಬಿಟ್ಟದ್ದು. ಆದರೆ ಜೂನ್‌ನಲ್ಲಿ ದಕ್ಷಿಣ ಇಂಗ್ಲೆಂಡಿನಲ್ಲಿ ಸೂರ್ಯ ಮುಳುಗುವುದೇ ಒಂಬತ್ತೂಕಾಲು ದಾಟಿ. ಸರಿಯಾಗಿ ಕತ್ತಲಾಗುವಾಗ ಹತ್ತೂವರೆ. ಬೆಳಗ್ಗೆ ಐದಕ್ಕೆ ಮುಂಚೆಯೇ ಸೂರ್ಯ ಮತ್ತೆ ಹಾಜರು. ಅಷ್ಟರೊಳಗೆ ನೀವು ಪೆಟ್ಟಿಗೆಯ ಹತ್ತಿರ ಇರಬೇಕು, ಯಾಕೆಂದರೆ ರೆನ್ ಹಕ್ಕಿ ಇರುತ್ತದೆ. ಹತ್ತು ಗ್ರಾಮಿನಷ್ಟಿರುವ ಈ ಪುಟಾಣಿ ಸೀಳಿನಿಂದ ಆರಾಮಾಗಿ ಒಳಗಿಳಿದು ಟ್ರೇ ಟ್ರೇ ತಡಕುತ್ತದೆ. ರಾಬಿನ್ ಹಕ್ಕಿಯೂ ಒಂದೆರಡು ದಿನದಲ್ಲಿ ಸಮಯ ಕಲಿತು ಬೇಲಿಯ ಮೇಲೆ ಕೂತಿರುತ್ತದೆ. ತಡವಾಗಿ ಎದ್ದವರಿಗೆ ಉಳಿಯುವುದು ರೆಕ್ಕೆಗಳು ಮಾತ್ರ. ಅವುಗಳಿಂದಲೂ ಜಾತಿ ಗುರುತಿಸಬಹುದು ಅನ್ನುವುದಷ್ಟೇ ಸಮಾಧಾನ.

ಒಳಗಿರುವುದೆಲ್ಲ ಪತಂಗವೂ ಅಲ್ಲ. ಮೇ ತಿಂಗಳಲ್ಲಿ ಕಾಕ್‌ಚೇಫರ್ ದುಂಬಿಗಳು ಕಲ್ಲೆಸೆದಂತೆ ಹಾಳೆಗೆ ಬಡಿಯುತ್ತವೆ. ಆಗಸ್ಟ್ ಕೊನೆಗೆ ಹಾರ್ನೆಟ್ ಎಂಬ ದಪ್ಪ ಕಣಜ ಬರುತ್ತದೆ. ಅದು ರಾತ್ರಿಯೂ ಹಾರುತ್ತದೆ, ದೀಪಕ್ಕೂ ಬರುತ್ತದೆ, ಟ್ರೇಯ ಅಡಿಯಲ್ಲಿ ಪತಂಗ ಸಿಗಿದು ತಿನ್ನುತ್ತಿರುತ್ತದೆ. ಆದ್ದರಿಂದ ಟ್ರೇಯನ್ನು ಅಡಿಗೆ ಬೆರಳು ಹಾಕಿ ಎತ್ತಬಾರದು. ಅಂಚು ಹಿಡಿದು, ಮೊದಲು ಬಗ್ಗಿ ನೋಡಿ, ನಿಧಾನವಾಗಿ ತಿರುಗಿಸಬೇಕು. ಕಪ್ಪು ಮೈಗೆ ಕಿತ್ತಳೆ ಪಟ್ಟೆಯ ದುಂಬಿ ಕಂಡರೆ ಅದು ಸತ್ತ ಇಲಿ, ಹಕ್ಕಿಗಳನ್ನು ಹೂಳುವ ಸೆಕ್ಸ್ಟನ್. ಮೈತುಂಬ ಕಂದು ನುಸಿಗಳನ್ನು ಹೊತ್ತುಕೊಂಡು ಬರುತ್ತದೆ. ಅವು ಅದನ್ನು ಕಚ್ಚುತ್ತಿಲ್ಲ, ಮುಂದಿನ ಹೆಣದವರೆಗೆ ಸವಾರಿ ಅಷ್ಟೆ. ದುಂಬಿಯನ್ನು ಬರಿಗೈಯಲ್ಲಿ ಮುಟ್ಟಿದರೆ ಅದರ ನಾತಕ್ಕೆ ಆ ದಿನ ಸೋಪು ಸೋಲುತ್ತದೆ.

ಪತಂಗಗಳಲ್ಲೂ ಒಂದು ಪೀಡೆ ಇದೆ, ಲಾರ್ಜ್ ಯೆಲ್ಲೋ ಅಂಡರ್‌ವಿಂಗ್. ಬೇರೆಯವು ತೆಪ್ಪಗೆ ನಿದ್ದೆ ಮಾಡುತ್ತಿದ್ದರೆ ಇದು ಟ್ರೇ ಎತ್ತಿದ ಕೂಡಲೇ ದಿಕ್ಕೆಟ್ಟು ಓಡಿ, ಎಲ್ಲರನ್ನೂ ತುಳಿದು ಎಬ್ಬಿಸುತ್ತದೆ. ಅಪರೂಪದ್ದೊಂದು ಹಾರಿಹೋಗುವುದು ಆ ಗದ್ದಲದಲ್ಲೇ. ಇದಕ್ಕೆ ತದ್ವಿರುದ್ಧ ಬಫ್-ಟಿಪ್. ರೆಕ್ಕೆ ಸುತ್ತಿಕೊಂಡು ಕೂತರೆ ಬರ್ಚ್ ಮರದ ಮುರಿದ ಕಡ್ಡಿಯೇ, ತುದಿಯಲ್ಲಿ ಹೊಸದಾಗಿ ಕತ್ತರಿಸಿದ ಮರದ ಬಣ್ಣದ ಸಮೇತ. ಕಸ ಅಂತ ಎಸೆದವರು ಬಹಳ. ಎಲಿಫೆಂಟ್ ಹಾಕ್-ಮಾತ್ ಸಿಕ್ಕರೆ ಗುಲಾಬಿಯೂ ಆಲಿವ್ ಹಸಿರೂ ಸೇರಿದ ಅದರ ಮೈ ನೋಡಿ ಪಕ್ಕದ ಮನೆಯವರೂ ದೀಪದ ಕಾಟ ಮರೆಯುತ್ತಾರೆ.

ದೀಪಕ್ಕೆ ಅಷ್ಟಾಗಿ ಬಗ್ಗದ ಓಲ್ಡ್ ಲೇಡಿ ಎಂಬ ಪತಂಗದಂಥವಕ್ಕೆ ಮರಕ್ಕೆ ಸಿಹಿ ಬಳಿಯಬೇಕು. ಅರ್ಧ ಲೀಟರ್ ಕಂದು ಬಿಯರನ್ನು ಐದು ನಿಮಿಷ ಕುದಿಸಿ, ಒಂದು ಕಿಲೋ ಕಡುಕಂದು ಸಕ್ಕರೆ ಕರಗಿಸಿ, 454 ಗ್ರಾಮಿನ ಒಂದು ಡಬ್ಬಿ ಬ್ಲ್ಯಾಕ್ ಟ್ರೀಕಲ್ ಸುರಿದು ಇನ್ನೆರಡು ನಿಮಿಷ ಕಾಯಿಸಬೇಕು. ಟ್ರೀಕಲ್ ಅಂದರೆ ಹೆಚ್ಚುಕಡಿಮೆ ನಮ್ಮ ಕಾಕಂಬಿ. ತಣಿದ ಮೇಲೆ, ಬಳಿಯುವ ಮುಂಚೆ, ಒಂದು ಚಮಚ ರಮ್. ಸಣ್ಣ ಪಾತ್ರೆ ತೆಗೆದುಕೊಂಡರೆ ಉಕ್ಕಿ ಒಲೆ ಹಾಳು. ಮುಸ್ಸಂಜೆಗೆ ಮರದ ಕಾಂಡಗಳಿಗೆ ಕಣ್ಣೆತ್ತರದಲ್ಲಿ ಬ್ರಶ್ಶಿನಿಂದ ಬಳಿದು, ಮೊದಲ ಎರಡು ಗಂಟೆ ಟಾರ್ಚ್ ಹಿಡಿದು ಸುತ್ತಬೇಕು. ಮೊದಲ ಗಿರಾಕಿಗಳು ಸಿಂಬಳದ ಹುಳು ಮತ್ತು ಇಕ್ಕಳದಂಥ ಬಾಲದ ಇಯರ್‌ವಿಗ್ ಹುಳು. ಬಾಗಿಲ ಪಕ್ಕದ ಕಂಬಕ್ಕೆ ಬಳಿದವರು ಬೆಳಗ್ಗೆ ಕಣಜಗಳ ಮೆರವಣಿಗೆ ನೋಡುತ್ತಾರೆ.

ಇಷ್ಟೆಲ್ಲ ಆಗಿ ಹೆಸರು ಹಚ್ಚಲು ಕೂತರೆ, ಬ್ರಿಟನ್ನಿನಲ್ಲಿ ಸುಮಾರು 2,500 ಜಾತಿಯ ಪತಂಗಗಳು, ಅವುಗಳಲ್ಲಿ ಅರ್ಧಕ್ಕರ್ಧ ಬೂದುಕಂದು. ದಿ ಅನ್‌ಸರ್ಟನ್ ಮತ್ತು ದಿ ರಸ್ಟಿಕ್ ಇವೆರಡರ ರೆಕ್ಕೆ ಸವೆದಿದ್ದರೆ ಪಳಗಿದವರೂ ಬೇರ್ಪಡಿಸದೆ ಒಟ್ಟಿಗೇ ಬರೆದುಕೊಳ್ಳುತ್ತಾರೆ. ಸಂಶಯದ್ದನ್ನು ಡಬ್ಬಿಗೆ ಹಾಕಿ ಸ್ವಲ್ಪ ಹೊತ್ತು ಫ್ರಿಜ್ಜಿನಲ್ಲಿಟ್ಟರೆ ಸುಮ್ಮನೆ ಕೂರುತ್ತದೆ, ಸತ್ತುಹೋಗುವುದಿಲ್ಲ. ಡಬ್ಬಿಯ ಮೇಲೆ ಚೀಟಿ ಅಂಟಿಸಿ. ಬೆಣ್ಣೆ ಹುಡುಕಿಕೊಂಡು ಬಂದವರಿಗೂ ಅದು ಏನೆಂದು ತಿಳಿಯಬೇಕು.

ಫೋಟೊಗೆ ಪಕ್ಕದಲ್ಲಿ 5 ಪೆನ್ನಿಯ ನಾಣ್ಯ ಇಡಿ, ಅದರ ಅಗಲ 18 ಮಿ.ಮೀ., ಅಳತೆಗೆ ಸಾಕು. ಪ್ರತಿ ಕೌಂಟಿಗೂ, ಅಂದರೆ ಜಿಲ್ಲೆಗೂ, ಪತಂಗದ ದಾಖಲೆ ಪರಿಶೀಲಿಸುವ ಸ್ವಯಂಸೇವಕರಿದ್ದಾರೆ. ಅಪರೂಪದ್ದು ಅಂತ ಬರೆದು ಕಳಿಸಿದರೆ ಬಹಳ ವಿನಯದಿಂದ ಹಿಂದಿನ ರೆಕ್ಕೆಯ ಫೋಟೊ ಕೇಳುತ್ತಾರೆ. ಹಾಗಾಗಿ ಆ ಫೋಟೊವನ್ನೂ ತೆಗೆದುಕೊಂಡ ಮೇಲೆಯೇ ಪತಂಗವನ್ನು ದಟ್ಟ ಪೊದೆಯೊಳಕ್ಕೆ ಬಿಡಿ, ದಿನಕ್ಕೊಂದು ಪೊದೆ, ಮತ್ತು ಬಿಡುವ ಮುಂಚೆ ರಾಬಿನ್ ಎಲ್ಲಿ ಕೂತಿದೆ ಅಂತ ಒಮ್ಮೆ ನೋಡಿಕೊಳ್ಳಿ.